ಕಲ್ಲಿದ್ದಲ ಗಣಿಯಲ್ಲಿ ಕಂಬ ಅಳೆಯುವುದು, ಸೂರು ಕಾಯುವುದು

ನೆಲದಡಿಯ ಕಲ್ಲಿದ್ದಲ ಗಣಿಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಗ್ಯಾಲರಿಗಳನ್ನು, ಅಂದರೆ ಸುರಂಗ ದಾರಿಗಳನ್ನು, ಕೊರೆದು, ನಡುವೆ ಕಲ್ಲಿದ್ದಲನ್ನೇ ಚೌಕಾಕಾರದ ಕಂಬಗಳಾಗಿ ಉಳಿಸಿದಾಗ, ನೆಲದ ಮೇಲ್ಮೈವರೆಗಿನ ಬಂಡೆಯ ಭಾರವನ್ನು ಆ ಕಂಬಗಳು ಹೊರುತ್ತವೆ. ಆದರೆ ಎರಡು ಕಂಬಗಳ ನಡುವೆ, ಕೆಲಸಗಾರರ ನೆತ್ತಿಯ ಮೇಲಿರುವ ಒಂದೆರಡು ಮೀಟರ್ ಬಂಡೆಯನ್ನು ಕಂಬ ಹಿಡಿದಿಡುವುದಿಲ್ಲ; ಅದಕ್ಕೆ ಬೋಲ್ಟು (ಸೂರಿನಲ್ಲಿ ತೂತು ಕೊರೆದು ಕೂರಿಸುವ ಉಕ್ಕಿನ ಸರಳು) ಮತ್ತು ಆಸರೆಗಳೇ ಬೇಕು. ಈ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿಯೇ ಮಾಡಬೇಕು.

ಮೊದಲು ಭಾರದ ಲೆಕ್ಕ. ಪ್ರತಿ ಕಂಬವೂ ತನ್ನ ನೇರ ಮೇಲಿನದನ್ನಲ್ಲದೆ ಸುತ್ತಲಿನ ಗ್ಯಾಲರಿಗಳ ಅರ್ಧರ್ಧ ಭಾಗದ ಭಾರವನ್ನೂ ಹೊರುತ್ತದೆ. ಆಳವನ್ನು ಮೀಟರಿನಲ್ಲಿ ತೆಗೆದುಕೊಂಡು 0.025ರಿಂದ ಗುಣಿಸಿದರೆ ಬಂಡೆಯ ಮೂಲ ಒತ್ತಡ ಸುಮಾರಾಗಿ ಮೆಗಾಪ್ಯಾಸ್ಕಲಿನಲ್ಲಿ (ಒತ್ತಡದ ಅಳತೆಯ ಮಾನ) ದೊರೆಯುತ್ತದೆ. ಕಂಬದ ನಡುವಿನಿಂದ ಪಕ್ಕದ ಕಂಬದ ನಡುವಿಗಿರುವ ದೂರವನ್ನು ಕಂಬದ ಅಗಲದಿಂದ ಭಾಗಿಸಿ, ಅದರ ವರ್ಗದಿಂದ ಈ ಒತ್ತಡವನ್ನು ಗುಣಿಸಬೇಕು. 100 ಮೀಟರ್ ಆಳ, 12 ಮೀಟರ್ ಕಂಬ, 6 ಮೀಟರ್ ಗ್ಯಾಲರಿ ಎಂದಾದರೆ ಕಂಬದ ಮೇಲಿನ ಒತ್ತಡ ಸುಮಾರು 5.6 ಮೆಗಾಪ್ಯಾಸ್ಕಲ್.

ನಂತರ ಕಂಬದ ಬಲ. ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಗಣಿಯಲ್ಲಿ 1960ರ ಜನವರಿಯಲ್ಲಿ ಕಂಬಗಳು ಸಾಲುಸಾಲಾಗಿ ಕುಸಿದು 430ಕ್ಕೂ ಹೆಚ್ಚು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆ ದುರಂತದ ಬಳಿಕ ನಡೆದ ಸಂಶೋಧನೆಯಲ್ಲಿ ಸಾಲಮನ್ ಮತ್ತು ಮನ್ರೋ ಅವರು ಕುಸಿದ ಹಾಗೂ ಉಳಿದ ಕಂಬಗಳ ಅಳತೆಗಳನ್ನು ಹೋಲಿಸಿ, 1967ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು: ಅಗಲದ 0.46ನೇ ಘಾತವನ್ನು 7.2ರಿಂದ ಗುಣಿಸಿ, ಎತ್ತರದ 0.66ನೇ ಘಾತದಿಂದ ಭಾಗಿಸಬೇಕು. 3 ಮೀಟರ್ ಎತ್ತರದ ನಮ್ಮ ಕಂಬಕ್ಕೆ ಇದರಿಂದ ಸುಮಾರು 10.9 ಮೆಗಾಪ್ಯಾಸ್ಕಲ್ ಬಲ ಬರುತ್ತದೆ. ಬಲವನ್ನು ಒತ್ತಡದಿಂದ ಭಾಗಿಸಿದಾಗ ಸಿಗುವ ಸುರಕ್ಷತಾ ಅಂಶ 1.9. ಸಾಮಾನ್ಯವಾಗಿ 1.6ನ್ನು ಗುರಿಯಾಗಿಟ್ಟುಕೊಳ್ಳುತ್ತಾರೆ. 7.2 ಎಂಬುದು ಅಲ್ಲಿಯ ಕಲ್ಲಿದ್ದಲಿಗೆ ಹೊಂದುವ ಅಂಕಿ. ಬೇರೆ ಪದರಕ್ಕೆ ಆ ಪದರದ್ದೇ ಪರೀಕ್ಷೆಯ ಆಧಾರ ಬೇಕು.

ನನ್ನ ಮಟ್ಟಿಗೆ ಅತಿ ಮುಖ್ಯವಾದ ಮಾತು ಇಲ್ಲಿದೆ. ಅದೇ ಕಂಬದ ನಾಲ್ಕೂ ಬದಿಯಿಂದ ಒಂದೊಂದು ಮೀಟರ್ ಕಲ್ಲಿದ್ದಲು ಕೆತ್ತಿ ತೆಗೆದರೆ, ಅಥವಾ ಅಷ್ಟು ಭಾಗ ತಾನಾಗಿಯೇ ಸಿಪ್ಪೆಯೆದ್ದು ಉದುರಿದರೆ, ಕಂಬ 10 ಮೀಟರಿಗೆ ಇಳಿದು ಗ್ಯಾಲರಿ 8 ಮೀಟರ್ ಆಗುತ್ತದೆ. ಒತ್ತಡ ಏರಿ, ಬಲ ಕುಗ್ಗಿ, ಸುರಕ್ಷತಾ ಅಂಶ 1.9ರಿಂದ 1.2ಕ್ಕೆ ಬೀಳುತ್ತದೆ. ಆದ್ದರಿಂದ ನಕ್ಷೆಯಲ್ಲಿರುವ ಅಗಲವನ್ನು ನಂಬದೆ, ಟೇಪು ಹಿಡಿದು ಕಂಬದ ಗಟ್ಟಿ ಭಾಗವನ್ನಷ್ಟೇ ಅಳೆಯಿರಿ. ಸಡಿಲವಾಗಿ ಅಂಟಿಕೊಂಡ ಚಕ್ಕೆಯನ್ನು ಲೆಕ್ಕಕ್ಕೆ ಸೇರಿಸಬೇಡಿ. ಕಂಬದಡಿಯ ನೆಲ ಮೆತ್ತಗಿದ್ದು ಗ್ಯಾಲರಿಯ ನೆಲ ಉಬ್ಬಿದ್ದರೆ, ಕಂಬ ಗಟ್ಟಿಯಾಗಿದ್ದರೂ ಸಾಲದು.

ಸೂರಿನ ಪರೀಕ್ಷೆಗೆ ಈಗಾಗಲೇ ಆಸರೆ ಕೊಟ್ಟಿರುವ ಜಾಗದಲ್ಲೇ ನಿಲ್ಲಬೇಕು. ಉದ್ದನೆಯ ಹಾರೆಯಿಂದ ಸೂರನ್ನು ಮೆಲ್ಲಗೆ ಬಡಿದಾಗ ಗಟ್ಟಿ ಬಂಡೆ ಠಣ್ಣೆನ್ನುತ್ತದೆ. ಪದರ ಬಿಟ್ಟ ಬಂಡೆ ಒಡೆದ ಮಡಕೆಯಂತೆ ಟೊಳ್ಳು ಸದ್ದು ಕೊಡುತ್ತದೆ. ಕೇವಲ ಕಿವಿಯನ್ನು ನಂಬುವುದಕ್ಕಿಂತ, ತಲೆ ಮೇಲಿನ ಸೂರು ಕೈಗೆಟಕುವಲ್ಲಿ ಬೆರಳ ತುದಿಯಿಟ್ಟು ಕಂಪನವನ್ನೂ ಗಮನಿಸುವುದು ಒಳ್ಳೆಯದು. ಟೊಳ್ಳು ಸದ್ದು ಬಂದ ಕಡೆ, ಸುರಕ್ಷಿತ ಬದಿಯಿಂದ ಸಡಿಲ ಬಂಡೆಯನ್ನು ಕೆಡವಬೇಕು; ಅದಾಗದಿದ್ದರೆ ಆ ಜಾಗಕ್ಕೆ ತಡೆ ಹಾಕಿ ಮೇಲ್ವಿಚಾರಕರಿಗೆ ತಿಳಿಸಬೇಕು.

ಬೋಲ್ಟು ಪದರಗಳನ್ನು ಒಂದಕ್ಕೊಂದು ಬಿಗಿದು ದಪ್ಪ ತೊಲೆಯಂತಾಗಿಸುತ್ತದೆ, ಅಥವಾ ಸಡಿಲ ಪದರವನ್ನು ಮೇಲಿನ ಗಟ್ಟಿ ಬಂಡೆಗೆ ತೂಗುಹಾಕುತ್ತದೆ. ಹಾಗಾಗಿ ಅದರ ತುದಿ ಗಟ್ಟಿ ಬಂಡೆಯಲ್ಲಿ ಸಾಕಷ್ಟು ಒಳಗೆ ಹೋಗಿರಬೇಕು. ಕೊರೆದ ತೂತು ಬೋಲ್ಟಿಗೆ ಹೊಂದದಷ್ಟು ದೊಡ್ಡದಾದರೆ, ಬೋಲ್ಟನ್ನು ಬಂಡೆಗೆ ಅಂಟಿಸುವ ರಾಳ ಸರಿಯಾಗಿ ಬೆರೆಯದೆ ಹಿಡಿತ ತಪ್ಪುತ್ತದೆ. ಹೊಸದಾಗಿ ತೆರೆದ ಸೂರಿಗೆ ತಡಮಾಡದೆ ಬೋಲ್ಟು ಹಾಕಬೇಕು. ಪದರಗಳು ಬಿಡಿಸಿಕೊಂಡ ಮೇಲೆ ಹಾಕಿದ ಬೋಲ್ಟು ಆ ಬಿರುಕನ್ನು ಮುಚ್ಚಲಾರದು.

ಗ್ಯಾಲರಿಗಳು ಕೂಡುವ ಜಂಕ್ಷನ್ನಿನಲ್ಲಿ ಸೂರಿನ ಹರವು ಹೆಚ್ಚು, ಅಪಾಯವೂ ಹೆಚ್ಚು. ಅಲ್ಲಿ ಬೋಲ್ಟುಗಳನ್ನು ಹೆಚ್ಚಿಸಿ, ಸೂರಿನ ಚಲನೆಯನ್ನು ಬಣ್ಣದ ಪಟ್ಟಿಗಳಲ್ಲಿ ತೋರಿಸುವ ಟೆಲ್‌ಟೇಲ್ ಸಾಧನವನ್ನು ನಡುವೆ ಅಳವಡಿಸಿ, ಪ್ರತಿ ಪಾಳಿಯಲ್ಲೂ ಓದಿ ಬರೆದಿಡಬೇಕು. ಚಲನೆಯ ವೇಗ ಹೆಚ್ಚುತ್ತಿದ್ದರೆ, ಎಲ್ಲರನ್ನೂ ಹೊರಗೆ ಕಳುಹಿಸಿದ ಮೇಲೆಯೇ ಮುಂದಿನ ಆಸರೆಯ ವಿಚಾರಕ್ಕೆ ಬರಬೇಕು.