ವೃದ್ಧಾಶ್ರಮದಲ್ಲಿ ಪ್ರತಿಯೊಬ್ಬರಿಗೂ ಅವರದೇ ಆರೈಕೆ ಪ್ಲಾನ್: ಹೀಗೆ ಮಾಡಿ

ಸ್ಟ್ರೋಕ್ ಆದ ಅಜ್ಜನನ್ನೋ ಸೊಂಟ ಮುರಿದ ಅಜ್ಜಿಯನ್ನೋ ವೃದ್ಧಾಶ್ರಮಕ್ಕೆ ಸೇರಿಸುವಾಗ ಊಟ ಹೇಗೆ, ಮಾತ್ರೆ ಸರಿಯಾಗಿ ಕೊಡ್ತಾರಾ ಅಂತ ಎಲ್ಲರೂ ಕೇಳುತ್ತಾರೆ. ಇನ್ನೊಂದು ಕೇಳಲೇಬೇಕು: ಇವರು ಮತ್ತೆ ತಾವಾಗಿಯೇ ಏಳಲು, ನಡೆಯಲು, ಉಣ್ಣಲು ಏನು ಅಭ್ಯಾಸ ಮಾಡಿಸುತ್ತೀರಿ, ಅದನ್ನು ಬರೆದಿಟ್ಟಿದ್ದೀರಾ?

ಮೊದಲು, ಈಗ ಏನೇನು ಆಗುತ್ತದೆ ಅಂತ ನೋಡಬೇಕು. ಬಾರ್ಥೆಲ್ ಇಂಡೆಕ್ಸ್ ಎಂಬ ಅಳತೆ 1965ರಿಂದ ಇದೆ. ಉಣ್ಣುವುದು, ಸ್ನಾನ, ಮೆಟ್ಟಿಲು ಹತ್ತುವುದು ಹೀಗೆ 10 ಕೆಲಸ, ಒಟ್ಟು 100 ಅಂಕ. ನರ್ಸ್ ಒಂದೇ ಹಾಳೆಯಲ್ಲಿ ಬರೆದು ಮುಗಿಸಬಹುದು.

ಆಮೇಲೆ ಗುರಿ. ಅದನ್ನು ಅವರ ಬಾಯಿಂದಲೇ ಕೇಳಿ. 'ನಡಿಗೆ ಸುಧಾರಿಸಬೇಕು' ಅಂತ ಬರೆದರೆ ಏನೂ ಪ್ರಯೋಜನ ಇಲ್ಲ. 'ನಾಲ್ಕು ವಾರದೊಳಗೆ ವಾಕರ್ ಹಿಡಿದು, ಪಕ್ಕದಲ್ಲಿ ಒಬ್ಬರಿದ್ದು, ಹಾಸಿಗೆಯಿಂದ ಊಟದ ಮೇಜಿನವರೆಗೆ' ಅಂತ ಬರೆಯಿರಿ. ಬೆರಳಿನ ಅಭ್ಯಾಸಕ್ಕೆ ರಬ್ಬರ್ ಚೆಂಡೇ ಬೇಕೆಂದಿಲ್ಲ. ತೋಟದಲ್ಲಿ ದುಡಿದ ಅಜ್ಜನಿಗೆ ಅಡಿಕೆ ಹೆಕ್ಕಿ ಬುಟ್ಟಿಗೆ ಹಾಕುವುದು, ಅಜ್ಜಿಗೆ ಹೂ ಕಟ್ಟುವುದು ಜಾಸ್ತಿ ಇಷ್ಟ ಆಗುತ್ತದೆ ಅಲ್ವಾ?

ನಮ್ಮ ಕಾಸರಗೋಡಿನಲ್ಲಿ ಪ್ಲಾನಿನ ಮೊದಲ ಸಾಲಲ್ಲೇ ಭಾಷೆ ಯಾವುದು ಅಂತ ಇರಬೇಕು. ಮನೆಯಲ್ಲಿ ಬರೀ ಕನ್ನಡ, ತುಳು ಮಾತಾಡಿದ ಅಜ್ಜಿಗೆ ನರ್ಸ್ ಮಲಯಾಳದಲ್ಲಿ ಕಾಲೆತ್ತಲು ಹೇಳಿದರೆ ಅವರು ಸುಮ್ನೆ ನೋಡುತ್ತಾ ಕೂರುತ್ತಾರೆ, ಅದನ್ನೇ 'ಸಹಕರಿಸುವುದಿಲ್ಲ' ಅಂತ ಬರೆದುಬಿಟ್ಟರೆ ಅವರಿಗೆ ಸಿಗಬೇಕಾದ ಅಭ್ಯಾಸವೇ ನಿಂತುಹೋಗುತ್ತದೆ. ಇದು ಅನ್ಯಾಯ. ಏಳಿ, ಕೂರಿ, ನೋವುಂಟಾ, ಸಾಕಾ, ಅಜ್ಜಿಯ ಭಾಷೆಯ ಇಷ್ಟು ಮಾತನ್ನು ನರ್ಸ್ ಓದಿ ಹೇಳುವಂತೆ ಮಲಯಾಳ ಲಿಪಿಯಲ್ಲಿ ಬರೆದು ಮಂಚದ ಪಕ್ಕ ಅಂಟಿಸಿ. ಕನ್ನಡಕ, ಕಿವಿಯ ಮೆಷಿನ್ ಇದ್ದರೆ ಅದನ್ನೂ ಬರೆಯಿರಿ.

ಎಷ್ಟು ಹೊತ್ತು? ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಇಂಥ ಒಂದು ಅಭ್ಯಾಸ ಲೆಕ್ಕಕ್ಕೆ ಬರಬೇಕಾದರೆ ಆ ದಿನ ಕನಿಷ್ಠ 15 ನಿಮಿಷ ಆಗಿರಬೇಕು, ಬೆಳಿಗ್ಗೆ ಸ್ವಲ್ಪ ಸಂಜೆ ಸ್ವಲ್ಪ ಆದರೂ ಸರಿ. ಗುಂಪಿನಲ್ಲಾದರೆ ಒಬ್ಬ ಸಹಾಯಕರಿಗೆ ನಾಲ್ಕೇ ಜನ. ಇದು ನಮಗೂ ಒಳ್ಳೆಯ ಅಳತೆ. ಯಾರು ಮಾಡಿಸುವುದು, ಯಾವ ಹೊತ್ತಿಗೆ ಅಂತ ಹೆಸರು ಸಮೇತ ಬರೆದಿರಲಿ.

ಸ್ಟ್ರೋಕ್ ಆದವರಿಗೆ ಅಂಗಿ ಹಾಕುವಾಗ ಮೊದಲು ಬಲ ಇಲ್ಲದ ಕೈ, ತೆಗೆಯುವಾಗ ಮೊದಲು ಗಟ್ಟಿ ಇರುವ ಕೈ. ಬಲ ಇಲ್ಲದ ಕೈ ಹಿಡಿದೆಳೆದು ಎಬ್ಬಿಸಲೇಬೇಡಿ, ಭುಜದ ಕೀಲಿಗೆ ಪೆಟ್ಟಾಗುತ್ತದೆ. ಎದೆನೋವು, ತಲೆಸುತ್ತು, ಏದುಸಿರು ಬಂದರೆ ತಕ್ಷಣ ನಿಲ್ಲಿಸಿ ನರ್ಸನ್ನು ಕರೆಯಿರಿ. ಗುಂಡಿ ಹಾಕಿಕೊಳ್ಳಲು ಅವರಿಗೆ ಹತ್ತು ನಿಮಿಷ ಬೇಕಾದರೆ ಕಾಯಿರಿ, ಅವಸರದಲ್ಲಿ ನಾವೇ ಹಾಕಿಬಿಟ್ಟರೆ ಆ ದಿನದ ಅಭ್ಯಾಸ ಹೋಯಿತು.

ದಿನಾ ಏನು ಮಾಡಿದರು ಅಂತ ಗುರುತು ಹಾಕಿಸಿ. ನಾಲ್ಕು ವಾರ ಆದ ಮೇಲೆ ನರ್ಸ್, ಫಿಸಿಯೋಥೆರಪಿಸ್ಟ್, ಮನೆಯವರು, ಅಜ್ಜ ಎಲ್ಲರೂ ಕೂತು ಆ ಹಾಳೆ ನೋಡಿ. ಮೇಜಿನವರೆಗೆ ಬಂದಿದ್ದರೆ ಮುಂದಿನ ಗುರಿ ಅಂಗಳ. ಬಾರದಿದ್ದರೆ ಗುರಿ ಸಣ್ಣದು ಮಾಡಿ, ಕಾರಣ ಏನೆಂದು ಹುಡುಕಿ: ನೋವಾ, ಬೇಸರವಾ, ಹೊಸ ಮಾತ್ರೆಯಾ?