ಒಂದೇ ಕಡುಬಣ್ಣದಿಂದ ಮನೆಗೆ ಕಳೆ ತರುವ ಬಗೆ

ತಿಳಿಬಣ್ಣದ ಕೋಣೆಯೊಂದಕ್ಕೆ ಎದ್ದು ಕಾಣುವ ಒಂದು ಬಣ್ಣವನ್ನು ತರುವುದು ಕೆಲಸದ ಮಟ್ಟಿಗೆ ಕಷ್ಟವಲ್ಲ. ಒಂದು ಗೋಡೆ, ಒಂದು ಡಬ್ಬಿ ಬಣ್ಣ, ಎರಡು ದಿನದ ಬಿಡುವು ಇದ್ದರೆ ಸಾಕು. ಆದರೂ ಇದರಲ್ಲಿ ಎಡವುವವರೇ ಹೆಚ್ಚು. ಬಹಳಷ್ಟು ಮಂದಿ ಮೊದಲು ಬಣ್ಣವನ್ನು ಮೆಚ್ಚಿಕೊಂಡು, ಆಮೇಲೆ ಅದಕ್ಕೊಂದು ಜಾಗ ಹುಡುಕಲು ಹೊರಡುತ್ತಾರೆ. ನನ್ನ ಅನುಭವದಲ್ಲಿ ಈ ಕ್ರಮವನ್ನು ತಿರುಗಿಸಬೇಕು: ಮೊದಲು ಜಾಗ, ಬಳಿಕ ಪ್ರಮಾಣ, ಅದರ ನಂತರ ಬೆಳಕು, ಬಣ್ಣದ ಹೆಸರು ಕಟ್ಟಕಡೆಗೆ. ಕಡುಬಣ್ಣದ ಬಲವು ಅದರೊಳಗೆ ಎಷ್ಟಿದೆಯೋ ಅದರ ಸುತ್ತಲಿನ ಶಾಂತತೆಯಲ್ಲಿಯೂ ಅಷ್ಟೇ ಇರುವುದರಿಂದ, ಸುತ್ತಲಿನದನ್ನು ಗೊತ್ತುಮಾಡದೆ ಬಣ್ಣವನ್ನು ಆರಿಸಲು ಬರುವುದಿಲ್ಲ.

ಜಾಗವನ್ನು ಗೊತ್ತುಮಾಡುವುದು

ಕೋಣೆಯ ಬಾಗಿಲಲ್ಲಿ ನಿಂತು, ಏನನ್ನೂ ಹುಡುಕದೆ ಒಳಗೆ ನೋಡಿರಿ. ಕಣ್ಣು ತಾನಾಗಿ ಎಲ್ಲಿ ಹೋಗಿ ನಿಲ್ಲುತ್ತದೆಯೋ ಅದೇ ಕಡುಬಣ್ಣಕ್ಕೆ ತಕ್ಕ ಜಾಗ. ಮಲಗುವ ಕೋಣೆಯಲ್ಲಿ ಅದು ಸಾಮಾನ್ಯವಾಗಿ ಮಂಚದ ತಲೆಭಾಗದ ಗೋಡೆ; ಹಜಾರದಲ್ಲಿ ಸೋಫಾದ ಹಿಂದಿನ ಗೋಡೆ; ಉದ್ದನೆಯ ಓಣಿಯಂತಹ ನಡುಮನೆಯಲ್ಲಿ ಕೊನೆಯ ಗೋಡೆ. ಕೆಂಪು, ಕಿತ್ತಳೆಯಂತಹ ಬಿಸಿ ಬಣ್ಣಗಳು ಗೋಡೆಯನ್ನು ಹತ್ತಿರಕ್ಕೆ ತಂದಂತೆ ತೋರಿಸುವುದರಿಂದ, ಓಣಿಯ ಕೊನೆಗೆ ಅವನ್ನು ಬಳಿದರೆ ಅದರ ಉದ್ದ ತುಸು ಕುಗ್ಗಿದಂತೆ ಕಾಣುತ್ತದೆ.

ಕಿಟಕಿ ಇರುವ ಗೋಡೆಯನ್ನು ಬಿಟ್ಟುಬಿಡುವುದು ಲೇಸು. ಹೊರಗಿನ ಬೆಳಕು ಕಣ್ಣಿಗೆ ನೇರವಾಗಿ ಬೀಳುವಾಗ ಆ ಬೆಳಕಿನ ಸುತ್ತಲಿನ ಗೋಡೆ ಕಪ್ಪಿಟ್ಟಂತೆ ಕಾಣುತ್ತದೆ. ಎಷ್ಟು ಒಳ್ಳೆಯ ಬಣ್ಣ ಬಳಿದರೂ ಹಗಲೆಲ್ಲ ಅದು ನೆರಳಾಗಿಯೇ ಉಳಿಯುತ್ತದೆ. ಬಾಗಿಲು, ಸ್ವಿಚ್ ಬೋರ್ಡ್, ಕಪಾಟುಗಳಿಂದ ತುಂಡುತುಂಡಾಗಿರುವ ಗೋಡೆಯೂ ಬೇಡ, ಏಕೆಂದರೆ ಕಡುಬಣ್ಣವು ಆ ತುಂಡುಗಳ ಅಂಕುಡೊಂಕನ್ನೆಲ್ಲ ಎತ್ತಿ ತೋರಿಸುತ್ತದೆ. ಟಿವಿಯ ಹಿಂದಿನ ಗೋಡೆಗೆ ಉಜ್ವಲ ಬಣ್ಣ ಬಳಿಯುವ ರೂಢಿ ಬಲವಾಗಿದೆಯಾದರೂ ಅದು ನನಗೆ ಒಪ್ಪಿಗೆಯಲ್ಲ. ಸುತ್ತಲಿನ ತೀವ್ರ ಬಣ್ಣವು ಪರದೆಯ ಮೇಲಿನ ಬಣ್ಣಗಳನ್ನು ಕಣ್ಣಿಗೆ ಬೇರೆಯಾಗಿ ತೋರಿಸುತ್ತದೆ. ಅಲ್ಲಿಗೆ ಬೂದಿಬಣ್ಣದಂತಹ ತಟಸ್ಥ ಛಾಯೆಯೇ ಸರಿ.

ಗೋಡೆಯೇ ಆಗಬೇಕೆಂದೂ ಇಲ್ಲ. ಒಂದು ಬಾಗಿಲು, ಪುಸ್ತಕದ ಕಪಾಟಿನ ಒಳಮೈ, ಗೋಡೆಯೊಳಗಿನ ಗೂಡು, ಕಿಟಕಿಯ ಚೌಕಟ್ಟು, ಒಂಟಿ ಕುರ್ಚಿ, ಇವುಗಳಲ್ಲಿ ಯಾವುದೂ ಆದೀತು. ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್‌ನಲ್ಲಿ 1924ರಲ್ಲಿ ಗೆರಿಟ್ ರೀಟ್‌ವೆಲ್ಡ್ ಕಟ್ಟಿದ ಶ್ರೋಡರ್ ಮನೆಯನ್ನು ಕೆಂಪು, ಹಳದಿ, ನೀಲಿಗಳ ಮನೆಯೆಂದೇ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಅದರ ಹೊರಮೈಯನ್ನು ಗಮನಿಸಿ ನೋಡಿದರೆ ದೊಡ್ಡ ಹರಹುಗಳೆಲ್ಲ ಬಿಳಿ ಮತ್ತು ಬೂದಿ. ಉಜ್ವಲ ಬಣ್ಣಗಳಿರುವುದು ಕಂಬಿ, ತೊಲೆಗಳಂತಹ ಕಿರಿದಾದ ಭಾಗಗಳ ಮೇಲೆ ಮಾತ್ರ. ಕಡುಬಣ್ಣವನ್ನು ಎಷ್ಟು ಕಡಿಮೆ ಬಳಸಿ ಎಷ್ಟು ಹೆಚ್ಚು ಹೇಳಿಸಬಹುದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಪ್ರಮಾಣದ ಲೆಕ್ಕ

ಒಳಾಂಗಣ ವಿನ್ಯಾಸಕಾರರು 60-30-10 ಎಂಬ ಒಂದು ಅಂದಾಜನ್ನು ಬಳಸುತ್ತಾರೆ. ಕೋಣೆಯಲ್ಲಿ ಕಣ್ಣಿಗೆ ಬೀಳುವುದರಲ್ಲಿ ಶೇಕಡಾ 60ರಷ್ಟು ಒಂದು ಮುಖ್ಯ ತಿಳಿಬಣ್ಣ, 30ರಷ್ಟು ಅದಕ್ಕೆ ಜೊತೆಯಾಗುವ ಇನ್ನೊಂದು, 10ರಷ್ಟು ಎದ್ದು ಕಾಣುವ ಬಣ್ಣ. ಇದು ಅಳತೆಪಟ್ಟಿ ಹಿಡಿದು ಪಾಲಿಸಬೇಕಾದ ನಿಯಮವಲ್ಲ. ಆದರೂ ಒಮ್ಮೆ ಲೆಕ್ಕ ಹಾಕಿ ನೋಡುವುದು ಉಪಯುಕ್ತ. 4 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ ನಾಲ್ಕು ಗೋಡೆಗಳು ಸೇರಿ 48 ಚದರ ಮೀಟರ್. ನೆಲ ಮತ್ತು ಚಾವಣಿ ತಲಾ 16. ಒಟ್ಟು 80 ಚದರ ಮೀಟರ್‌ನಲ್ಲಿ ಒಂದು ಗೋಡೆಯ ಪಾಲು 12, ಅಂದರೆ ಶೇಕಡಾ 15. ಒಂದೇ ಗೋಡೆಯನ್ನು ಬಳಿದ ಮಾತ್ರಕ್ಕೆ ಆ ಹತ್ತರ ಗಡಿ ದಾಟಿಹೋಯಿತು! ಗೋಡೆಯ ಜೊತೆಗೆ ಅದೇ ಬಣ್ಣದ ಪರದೆ, ದಿಂಬು, ನೆಲಹಾಸು, ದೀಪದ ಮುಸುಕು ಎಲ್ಲವನ್ನೂ ತಂದವರ ಕೋಣೆ ಉಸಿರುಗಟ್ಟಿಸುವುದು ಇದೇ ಕಾರಣಕ್ಕೆ.

ಆದ್ದರಿಂದ ಗೋಡೆಗೆ ಬಳಿದಿದ್ದರೆ ಉಳಿದೆಡೆ ಕೈ ಬಿಗಿಹಿಡಿಯಬೇಕು. ಗೋಡೆಯನ್ನು ಬಿಟ್ಟಿದ್ದರೆ ಮಾತ್ರ ಬಟ್ಟೆ ಮತ್ತು ಸಾಮಾನುಗಳಲ್ಲಿ ಸ್ವಲ್ಪ ಧಾರಾಳವಾಗಬಹುದು. ಎರಡೂ ಸಂದರ್ಭಗಳಲ್ಲಿ ಆ ಬಣ್ಣದ ಪ್ರತಿಧ್ವನಿ ಕೋಣೆಯ ಬೇರೆ ಮೂಲೆಗಳಲ್ಲಿ ಎರಡು ಮೂರು ಕಡೆ ಸಣ್ಣದಾಗಿ ಕೇಳಿಸಬೇಕು. ಇಲ್ಲವಾದರೆ ಕಡುಬಣ್ಣವು ದಾರಿತಪ್ಪಿ ಬಂದ ನೆಂಟನಂತೆ ಒಂಟಿಯಾಗಿ ನಿಲ್ಲುತ್ತದೆ. ಗೋಡೆಯ ಬಣ್ಣಕ್ಕೂ ದಿಂಬಿನ ಬಣ್ಣಕ್ಕೂ ತದ್ರೂಪು ಹೊಂದಿಸಲು ಹೋಗಬೇಡಿರಿ. ಬಳಿಯುವ ಬಣ್ಣದ ಪುಡಿಯೂ ಬಟ್ಟೆಗೆ ಹಾಕುವ ರಂಗೂ ಬೇರೆಬೇರೆ ವಸ್ತುಗಳಾದ್ದರಿಂದ, ಹಗಲಿನಲ್ಲಿ ಒಂದೇ ಎನಿಸಿದ ಎರಡು ಕೆಂಪುಗಳು ರಾತ್ರಿ ದೀಪದಡಿಯಲ್ಲಿ ಬೇರೆಯಾಗಿ ಕಾಣಬಹುದು. ಗೋಡೆಯ ಬಣ್ಣಕ್ಕಿಂತ ಒಂದು ಮೆಟ್ಟಿಲು ಕಡುವಾದ ಅಥವಾ ಮಾಸಿದ ಛಾಯೆಯನ್ನು ಬೇಕೆಂದೇ ಆರಿಸಿದರೆ ಎರಡೂ ಒಂದೇ ಮನೆತನದವುಗಳಂತೆ ಹೊಂದಿಕೊಂಡು ಹೋಗುತ್ತವೆ.

ಬಣ್ಣವನ್ನು ಆರಿಸುವುದು

ಅಮೆರಿಕದ ಚಿತ್ರಕಲೆಯ ಅಧ್ಯಾಪಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಬಣ್ಣವನ್ನು ಮೂರು ಗುಣಗಳಿಂದ ವಿವರಿಸುವ ಪದ್ಧತಿಯನ್ನು ಪ್ರಕಟಿಸಿದರು: ಅದು ಕೆಂಪೋ ನೀಲಿಯೋ ಎಂಬ ಬಗೆ, ಎಷ್ಟು ತಿಳಿ ಎಷ್ಟು ಕಡು ಎಂಬುದು, ಎಷ್ಟು ತೀವ್ರ ಎಂಬುದು. ಈ ಮೂರನ್ನು ಬೇರ್ಪಡಿಸಿ ಯೋಚಿಸಿದರೆ ಅರ್ಧ ಗೊಂದಲ ಕಳೆಯುತ್ತದೆ. ಕಡುನೀಲಿ ಬಹಳ ಕಪ್ಪಾದರೂ ಸದ್ದು ಮಾಡದ ಬಣ್ಣ. ನಿಂಬೆ ಹಳದಿ ಬಹಳ ತಿಳಿಯಾದರೂ ಕೂಗುವ ಬಣ್ಣ. ನಿಮಗೆ ಬೇಕಾದದ್ದು ಕಡುತನವೋ ತೀವ್ರತೆಯೋ ಎಂಬುದನ್ನು ಮೊದಲು ಕೇಳಿಕೊಳ್ಳಿರಿ. ವಿಶ್ರಾಂತಿಯ ಕೋಣೆಗೆ ಕಡುವಾಗಿದ್ದು ತೀವ್ರತೆ ಕಡಿಮೆಯಿರುವ ಇಟ್ಟಿಗೆಗೆಂಪು, ಎಲೆಹಸಿರು, ಮಸಿನೀಲಿಗಳು ಒಗ್ಗುತ್ತವೆ. ಹೆಚ್ಚು ಹೊತ್ತು ಕೂರದ ಪ್ರವೇಶದ ಜಾಗ, ಮೆಟ್ಟಿಲ ಗೋಡೆ, ಶೌಚಾಲಯಗಳಲ್ಲಿ ತೀವ್ರವಾದುದನ್ನೂ ತಾಳಿಕೊಳ್ಳಬಹುದು.

ಶೇಡ್ ಕಾರ್ಡಿನ ಅಂಗುಲದ ಚೂರನ್ನು ನೋಡಿ ತೀರ್ಮಾನಿಸುವುದು ಅಪಾಯ. ಅದೇ ಬಣ್ಣ ಗೋಡೆ ತುಂಬ ಹರಡಿದಾಗ ಸಾಮಾನ್ಯವಾಗಿ ಇನ್ನಷ್ಟು ತೀವ್ರವಾಗಿ ಕಾಣುತ್ತದೆ. ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದು ಮಟ್ಟ ಮಂದವಾದುದನ್ನು ತೆಗೆದುಕೊಳ್ಳುವುದು ಹಳೆಯ ಕೆಲಸಗಾರರ ಜಾಣತನ. ಹಿಂದೊಮ್ಮೆ ನಾನು ಈ ಮಾತನ್ನು ಕೇಳದೆ ದಾಸವಾಳದ ಕೆಂಪನ್ನು ಹಚ್ಚಿದ್ದೆ. ಗೋಡೆ ಚೆನ್ನಾಗಿಯೇ ಬಂತು, ಆದರೆ ಅದರಿಂದ ಪುಟಿದ ಬೆಳಕು ಎದುರಿನ ಬಿಳಿ ಗೋಡೆಗೂ ಚಾವಣಿಗೂ ನಸುಗೆಂಪು ಬಳಿದಿತ್ತು, ಕೋಣೆಯಲ್ಲಿ ಕೂತವರ ಮುಖಕ್ಕೂ.

ಜೊತೆಗಿರುವ ತಿಳಿಬಣ್ಣವನ್ನೂ ಕಡುಬಣ್ಣದ ಪಕ್ಕದಲ್ಲಿಟ್ಟೇ ಆರಿಸಬೇಕು. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಗೋಬ್ಲಾಂ ಚಿತ್ರಗಂಬಳಿ ಕಾರ್ಖಾನೆಯ ರಂಗಿನ ವಿಭಾಗಕ್ಕೆ ರಸಾಯನವಿಜ್ಞಾನಿ ಮಿಷೆಲ್ ಯೂಜೀನ್ ಶೆವ್ರೂಲ್ ಮುಖ್ಯಸ್ಥರಾಗಿದ್ದರು. ಅಲ್ಲಿನ ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲವೆಂಬ ದೂರು ಬಂದಾಗ ಅವರು ಪರೀಕ್ಷಿಸಿ ನೋಡಿದರು. ದೋಷ ರಂಗಿನಲ್ಲಿರಲಿಲ್ಲ, ಪಕ್ಕದ ನೂಲಿನ ಬಣ್ಣವು ಕಪ್ಪನ್ನು ಹಾಗೆ ತೋರಿಸುತ್ತಿತ್ತು. ನೆರೆಯ ಬಣ್ಣಗಳು ಒಂದನ್ನೊಂದು ಬದಲಿಸಿ ತೋರಿಸುವ ಈ ನಿಯಮವನ್ನು ಅವರು 1839ರಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ಮನೆಯಲ್ಲಿ ಇದರ ಪರಿಣಾಮ ನೇರವಾಗಿಯೇ ಕಾಣುತ್ತದೆ: ಕೆಂಪಿನ ಪಕ್ಕದ ಬೂದಿ ತುಸು ಹಸಿರಾಗಿ ಕಾಣುತ್ತದೆ, ನೀಲಿಯ ಪಕ್ಕದ ಬೂದಿ ತುಸು ಕಿತ್ತಳೆಯತ್ತ ವಾಲುತ್ತದೆ. ಆದ್ದರಿಂದ ಬಿಳಿ ಎಂದರೆ ಎಲ್ಲವೂ ಒಂದೇ ಎಂದುಕೊಳ್ಳದೆ, ಕೆನೆಬಿಳಿ, ನೀಲಿಬಿಳಿ, ಬೂದಿಬಿಳಿಗಳನ್ನು ಕಡುಬಣ್ಣಕ್ಕೆ ತಾಗಿಸಿಯೇ ನೋಡಿರಿ.

ಬೆಳಕಿನಲ್ಲಿ ಪರೀಕ್ಷೆ

ಮಾದರಿಯ ಸಣ್ಣ ಡಬ್ಬಿ ತಂದು, ಸುಮಾರು ಅರ್ಧ ಮೀಟರ್ ಅಗಲದ ದಪ್ಪ ರಟ್ಟಿಗೆ ಎರಡು ಕೋಟ್ ಬಳಿಯಿರಿ. ಗೋಡೆಗೆ ನೇರವಾಗಿ ಬಳಿಯುವುದಕ್ಕಿಂತ ಇದು ಮೇಲು, ಏಕೆಂದರೆ ರಟ್ಟನ್ನು ಮೂಲೆಯಿಂದ ಮೂಲೆಗೆ ಒಯ್ಯಬಹುದು; ಹಳೆಯ ಗೋಡೆಯ ಬಣ್ಣವೂ ತೀರ್ಮಾನವನ್ನು ಕೆಡಿಸುವುದಿಲ್ಲ. ಪೂರ್ತಿ ಒಣಗಿದ ಮೇಲೆಯೇ ನೋಡಬೇಕು. ನೀರು ಬೆರೆಸುವ ಬಗೆಯ ಬಣ್ಣಗಳು ಒಣಗಿದಾಗ ಸಾಮಾನ್ಯವಾಗಿ ಕೊಂಚ ಕಡುವಾಗುತ್ತವೆ. ಬೆಳಿಗ್ಗೆ, ನಡುಹಗಲು, ಸಂಜೆ, ರಾತ್ರಿ ದೀಪ ಹಾಕಿದಾಗ, ಹೀಗೆ ಮೂರು ನಾಲ್ಕು ದಿನ ಆ ರಟ್ಟಿನೊಡನೆ ಬದುಕಿರಿ. ಸಂಜೆಯನ್ನು ಮರೆಯಬಾರದು: ಬೆಳಕು ಕುಂದಿದಂತೆ ಕೆಂಪು ಬೇಗನೆ ಕಪ್ಪಾಗುತ್ತದೆ, ನೀಲಿ ಮತ್ತು ಹಸಿರು ಇನ್ನಷ್ಟು ಹೊತ್ತು ತಮ್ಮ ಹೊಳಪನ್ನು ಉಳಿಸಿಕೊಳ್ಳುತ್ತವೆ. ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ ಹೂಗಳನ್ನು ನೋಡುತ್ತ ಗುರುತಿಸಿದ ಈ ಪರಿಣಾಮಕ್ಕೆ ಅವರದೇ ಹೆಸರಿದೆ.

ಬಲ್ಬಿನ ಪೊಟ್ಟಣದ ಮೇಲಿನ ಎರಡು ಸಂಖ್ಯೆಗಳನ್ನು ಓದುವುದು ಅಗತ್ಯ. 2700ರಿಂದ 3000 ಕೆಲ್ವಿನ್ ಎಂದಿದ್ದರೆ ಹಳದಿ ಬೆರೆತ ಬೆಳಕು. ಅದರಲ್ಲಿ ಕೆಂಪು, ಹಳದಿಗಳು ತುಂಬಿಕೊಂಡು, ನೀಲಿ ಮಂಕಾಗುತ್ತದೆ. 6500 ಎಂದಿದ್ದರೆ ನೀಲಿಯತ್ತ ವಾಲಿದ ಬಿಳಿ ಬೆಳಕು. ಸಿಆರ್‌ಐ ಎಂಬ ಇನ್ನೊಂದು ಸಂಖ್ಯೆ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆಂಬುದನ್ನು ಗರಿಷ್ಠ 100ರ ಅಳತೆಯಲ್ಲಿ ಹೇಳುತ್ತದೆ. ಕಡುಬಣ್ಣದ ಕೋಣೆಗೆ 90ಕ್ಕಿಂತ ಹೆಚ್ಚಿನದನ್ನೇ ಹಾಕಿರಿ.

ಬಳಿಯುವಾಗ

ತಿಳಿಬಣ್ಣವು ಗೋಡೆಯ ಉಬ್ಬುತಗ್ಗನ್ನು ಕ್ಷಮಿಸುತ್ತದೆ, ಕಡುಬಣ್ಣ ಕ್ಷಮಿಸುವುದಿಲ್ಲ. ಪುಟ್ಟಿ ಹಾಕಿ, ಉಜ್ಜುಕಾಗದದಿಂದ ನಯಮಾಡಿ, ದೀಪವನ್ನು ಗೋಡೆಗೆ ಓರೆಯಾಗಿ ಹಿಡಿದು ನೋಡಿದರೆ ಉಳಿದ ಕುಳಿಗಳೆಲ್ಲ ಕಾಣುತ್ತವೆ. ಬಹಳ ಹಳೆಯ ಮನೆಯಾದರೆ ಹಿಂದಿನ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ. ಪರೀಕ್ಷೆ ಮಾಡಿಸದೆ ಒಣಗೋಡೆಯನ್ನು ಉಜ್ಜಿ ದೂಳೆಬ್ಬಿಸಬಾರದು, ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಕೂಡದು.

ಕೆಂಪು ಮತ್ತು ಹಳದಿಯ ಹಲವು ಛಾಯೆಗಳಿಗೆ ಕೆಳಗಿನದನ್ನು ಮುಚ್ಚುವ ಶಕ್ತಿ ಕಡಿಮೆ. ಬಿಳಿ ಪ್ರೈಮರ್ ಮೇಲೆ ಕೆಂಪನ್ನು ನಾಲ್ಕು ಸಲ ಬಳಿದರೂ ರೋಲರಿನ ಗೆರೆಗಳು ಉಳಿಯಬಹುದು. ಕೆಂಪಿನ ಅಡಿಗೆ ಬೂದಿಬಣ್ಣ ಬೆರೆಸಿದ ಪ್ರೈಮರ್ ಕೇಳಿ ಹಾಕಿದರೆ ಎರಡು ಮೂರು ಕೋಟ್‌ಗೆ ಕೆಲಸ ಮುಗಿಯುತ್ತದೆ. ಒಂದು ಲೀಟರ್ ಬಣ್ಣ ನಯವಾದ ಗೋಡೆಯ ಮೇಲೆ ಒಂದು ಕೋಟ್‌ಗೆ ಸುಮಾರು 10ರಿಂದ 12 ಚದರ ಮೀಟರ್ ಬರುತ್ತದೆಂದು ಇಟ್ಟುಕೊಂಡರೆ, 12 ಚದರ ಮೀಟರಿನ ಗೋಡೆಗೆ ಮೂರು ಕೋಟ್‌ಗೆಂದು ಮೂರೂವರೆ ಲೀಟರ್ ತರುವುದು ಕ್ಷೇಮ. ಒಂದಕ್ಕಿಂತ ಹೆಚ್ಚು ಡಬ್ಬಿಗಳಿದ್ದರೆ ಎಲ್ಲವನ್ನೂ ಒಂದು ಬಕೆಟ್ಟಿಗೆ ಸುರಿದು ಕಲಸಿಕೊಳ್ಳಿರಿ, ಏಕೆಂದರೆ ಡಬ್ಬಿಯಿಂದ ಡಬ್ಬಿಗೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಗೋಡೆಯ ನಡುವೆ ಅದು ಎದ್ದು ಕಾಣುತ್ತದೆ.

ಕಡುಬಣ್ಣ ತಿಳಿಬಣ್ಣವನ್ನು ಸಂಧಿಸುವ ಅಂಚು ಈ ಕೆಲಸದ ಅಂದವನ್ನು ನಿರ್ಧರಿಸುತ್ತದೆ. ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಅಂಚಿಗೆ ಮೊದಲು ಟೇಪಿನ ಅಡಿಯಲ್ಲಿರುವ ತಿಳಿಬಣ್ಣವನ್ನೇ ತೆಳ್ಳಗೆ ಹಚ್ಚಿ ಒಣಗಲು ಬಿಡಿರಿ. ಟೇಪಿನಡಿ ನುಸುಳುವುದೇನಿದ್ದರೂ ತಿಳಿಬಣ್ಣವೇ ನುಸುಳಿ ಸಂದನ್ನು ಮುಚ್ಚುತ್ತದೆ. ಅದರ ಮೇಲೆ ಬರುವ ಕಡುಬಣ್ಣ ಗೀಟು ಎಳೆದಂತೆ ನಿಲ್ಲುತ್ತದೆ. ಕೊನೆಯ ಕೋಟ್ ಇನ್ನೂ ತುಸು ಹಸಿಯಾಗಿರುವಾಗಲೇ ಟೇಪನ್ನು ಓರೆಯಾಗಿ ಹಿಂದಕ್ಕೆ ಎಳೆದು ತೆಗೆಯಬೇಕು.

ಹೊಳಪಿನ ವಿಷಯದಲ್ಲಿ ಎರಡೂ ಕಡೆ ತೊಡಕಿದೆ. ಹೊಳಪಿಲ್ಲದ ಮ್ಯಾಟ್ ಗೋಡೆಯ ದೋಷಗಳನ್ನು ಅಡಗಿಸುತ್ತದೆ, ಆದರೆ ಕಡುಛಾಯೆಯಲ್ಲಿ ಕೈ ತಾಗಿದ ಗುರುತು ಉಳಿಯುತ್ತದೆ. ತುಸು ಹೊಳಪಿರುವ ಸ್ಯಾಟಿನ್ ಒರೆಸಿದರೆ ಶುಚಿಯಾಗುತ್ತದೆ, ಆದರೆ ದೋಷಗಳನ್ನು ತೋರಿಸುತ್ತದೆ. ಮಂಚದ ಹಿಂದೆ ಮ್ಯಾಟ್, ಬಾಗಿಲಿಗೂ ಮೆಟ್ಟಿಲ ಬದಿಗೂ ಸ್ಯಾಟಿನ್ ಎಂಬುದು ನನ್ನ ಆಯ್ಕೆ.

ಬಾಡಿಗೆ ಮನೆಯಲ್ಲಿರುವವರು ಬಟ್ಟೆಯನ್ನೇ ನೆಚ್ಚಬೇಕಾಗುತ್ತದೆ. ಕಡುಬಣ್ಣದ ಪರದೆಯನ್ನು ಕೊಳ್ಳುವ ಮೊದಲು ಒದ್ದೆಯಾದ ಬಿಳಿ ಬಟ್ಟೆಯಿಂದ ಒಂದು ಮೂಲೆಯನ್ನು ಉಜ್ಜಿ, ರಂಗು ಬಿಡುತ್ತದೆಯೇ ಎಂದು ನೋಡಿರಿ. ನೇರ ಬಿಸಿಲು ಬೀಳುವ ಕಿಟಕಿಗಾದರೆ ಬಿಸಿಲಿಗೆ ಬಣ್ಣ ಎಷ್ಟು ತಡೆಯುತ್ತದೆಂಬುದನ್ನೂ ವಿಚಾರಿಸಬೇಕು; ಇದನ್ನು ಅಳೆಯುವ ಬ್ಲೂ ವುಲ್ ಮಾಪನದಲ್ಲಿ 1 ಎಂದರೆ ಬೇಗ ಮಾಸುವುದು, 8 ಎಂದರೆ ಬಹುಕಾಲ ನಿಲ್ಲುವುದು.

ಎಲ್ಲ ಮುಗಿದ ಮೇಲೆ ಬಣ್ಣ ಹೆಚ್ಚಾಯಿತೆನಿಸಿದರೆ ಕೂಡಲೇ ಮರಳಿ ಬಳಿಯಲು ಹೋಗಬೇಡಿರಿ. ಮೊದಲು ಬಲ್ಬನ್ನು ಬದಲಿಸಿ, ಅದೇ ಬಣ್ಣದ ದಿಂಬುಗಳನ್ನು ತೆಗೆದು, ಗೋಡೆಯ ನಡುವೆ ದೊಡ್ಡ ಚಿತ್ರವೊಂದನ್ನೋ ತಿಳಿಬಣ್ಣದ ಕಪಾಟನ್ನೋ ಇರಿಸಿ ಎರಡು ವಾರ ನೋಡಿರಿ. ಆಗಲೂ ಒಗ್ಗದಿದ್ದರೆ ಮಾತ್ರ ಪ್ರೈಮರಿನಿಂದ ಮುಚ್ಚಿ ಹಿಂದಿರುಗಬಹುದು. ಒಗ್ಗಿದರೆ, ಉಳಿದ ಬಣ್ಣವನ್ನು ಗಾಳಿಯಾಡದ ಸಣ್ಣ ಡಬ್ಬಿಗೆ ತುಂಬಿ, ಛಾಯೆಯ ಸಂಖ್ಯೆ ಮತ್ತು ಬಳಿದ ದಿನಾಂಕವನ್ನು ಬರೆದು ತೆಗೆದಿಡಿರಿ. ಮುಂದೆ ಗೀರು ಬಿದ್ದಾಗ ಆ ಗೀರಿಗಷ್ಟೇ ಹಚ್ಚಿದರೆ ಕಡು ಮ್ಯಾಟ್ ಗೋಡೆಯ ಮೇಲೆ ತೇಪೆ ಹಾಕಿದಂತೆ ಕಾಣುವುದರಿಂದ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಇಡೀ ಗೋಡೆಗೆ ಒಂದು ಕೋಟ್ ಎಳೆಯುವಷ್ಟು, ಅಂದರೆ ಸುಮಾರು ಒಂದು ಲೀಟರ್, ಉಳಿಸಿಕೊಳ್ಳುವಂತೆ ಮೊದಲೇ ಲೆಕ್ಕ ಹಾಕಿ ಕೊಳ್ಳುವುದು ಒಳ್ಳೆಯದು.