ಹಳೆಯ ಜಿದ್ದಿಗೆ ಹೊಸ ಅಖಾಡ: ಕನಸಿನ ರೆಸ್ಲಿಂಗ್ ಕಾರ್ಡ್ ಕಟ್ಟುವ ಬಗೆ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ವಠಾರಗಳಲ್ಲಿ ಬೆಳೆದವರ ಕೈಯಲ್ಲಿ ಒಮ್ಮೆಯಾದರೂ ಡಬ್ಲ್ಯುಡಬ್ಲ್ಯುಎಫ್ (ಅಮೆರಿಕದ ರೆಸ್ಲಿಂಗ್ ಸಂಸ್ಥೆ, ಈಗಿನ ಡಬ್ಲ್ಯುಡಬ್ಲ್ಯುಇ) ಟ್ರಂಪ್ ಕಾರ್ಡುಗಳ ಕಟ್ಟು ಓಡಾಡಿರುತ್ತದೆ. ಎತ್ತರ, ತೂಕ, ಎದೆಯ ಅಳತೆ, ರ‍್ಯಾಂಕು ಎಂದು ಒಂದೊಂದನ್ನೇ ಕೂಗಿ, ಅಂಕಿ ದೊಡ್ಡದಿದ್ದವರು, ರ‍್ಯಾಂಕಾದರೆ ಚಿಕ್ಕದಿದ್ದವರು, ಎದುರಿನವರ ಕಾರ್ಡನ್ನು ಗೆದ್ದುಕೊಳ್ಳುತ್ತಿದ್ದ ಆಟ ಅದು. ಆ ಮಕ್ಕಳು ಈಗ ನಡುವಯಸ್ಸಿಗೆ ಬಂದಿದ್ದಾರೆ, ಮತ್ತು ಅವರಲ್ಲಿ ಅನೇಕರು ರಜೆಯ ದಿನ ಸ್ನೇಹಿತರೊಡನೆ ಕೂತು ಇನ್ನೊಂದು ಆಟ ಆಡುತ್ತಾರೆ: ಬೇರೆ ಬೇರೆ ಕಾಲದ ಮಲ್ಲರನ್ನು ಒಂದೇ ರಾತ್ರಿಗೆ ಕರೆಸಿ, ಆರೇಳು ಪಂದ್ಯಗಳ ಕಾರ್ಯಕ್ರಮವನ್ನು ಕಾಗದದ ಮೇಲೆ ಕಟ್ಟುವುದು. ಇದಕ್ಕೆ ಫ್ಯಾಂಟಸಿ ಕಾರ್ಡ್ ಎಂದು ಹೆಸರು.

ಇಂಥ ಕಾರ್ಡುಗಳಲ್ಲಿ ಹೆಚ್ಚಿನವು ಸಪ್ಪೆಯಾಗುವುದಕ್ಕೆ ಕಾರಣ, ಕಟ್ಟುವವರು ದೊಡ್ಡ ಹೆಸರುಗಳನ್ನು ಪೇರಿಸುತ್ತಾ ಹೋಗುವುದು. ಆಂಡ್ರೆ ದಿ ಜೈಂಟ್ ಎದುರು ದಿ ಗ್ರೇಟ್ ಖಲಿಯನ್ನು ನಿಲ್ಲಿಸಿದರೆ ಇಬ್ಬರ ಎತ್ತರವನ್ನು ಹೋಲಿಸಿ ನೋಡುವ ಕುತೂಹಲ ಐದು ನಿಮಿಷ ಇರುತ್ತದೆ. ಆಮೇಲೆ ಅವರು ಯಾಕೆ ಹೊಡೆದಾಡುತ್ತಿದ್ದಾರೆ ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಪ್ರೊ ರೆಸ್ಲಿಂಗ್‌ನಲ್ಲಿ ಫಲಿತಾಂಶ ಮೊದಲೇ ನಿಶ್ಚಯವಾಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆದ್ದರಿಂದ ಯಾರು ಗೆಲ್ಲಬಹುದು ಎಂದು ಊಹಿಸಿದರೆ ಸಾಲದು, ಯಾರು ಯಾಕೆ ಗೆಲ್ಲಬೇಕು ಎಂದು ಬರೆಯಬೇಕಾಗುತ್ತದೆ. ಹಾಗೆ ಬರೆಯಲು ಜಿದ್ದು ಬೇಕು, ಮತ್ತು ಆ ಜಿದ್ದಿನಲ್ಲಿ ಇನ್ನೂ ತೀರದ ಬಾಕಿಯೊಂದು ಉಳಿದಿರಬೇಕು.

ಮೊದಲು ಬಾಕಿ ಹುಡುಕಿ

ಮೈಸೂರು ದಸರಾ ಕುಸ್ತಿಗೆ ಮುಂಚೆ ಹಿರಿಯರು ಪೈಲ್ವಾನರ ತೂಕ, ವಯಸ್ಸು, ಅನುಭವ ನೋಡಿ ಜೋಡಿ ಕಟ್ಟುತ್ತಾರೆ. ನಮ್ಮ ಕಾರ್ಡಿಗೂ ಜೋಡಿ ಕಟ್ಟುವುದೇ ಮೊದಲ ಹೆಜ್ಜೆ, ಆದರೆ ಇಲ್ಲಿ ನೋಡಬೇಕಾದ್ದು ಇಬ್ಬರ ನಡುವಿನ ಕೊನೆಯ ಪಂದ್ಯ ಹೇಗೆ ಮುಗಿಯಿತು ಎಂಬುದನ್ನು. ಎಲ್ಲ ಪ್ರಸಿದ್ಧ ಜಿದ್ದುಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿಯೊಂದರ ಮುಂದೆ ಏನು ಉಳಿದಿದೆ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. ವಾಕ್ಯ ಹೊಳೆಯದಿದ್ದರೆ ಆ ಜೋಡಿಯನ್ನು ಹೊಡೆದುಹಾಕಿ, ಅದು ಎಷ್ಟೇ ದೊಡ್ಡದಿರಲಿ.

ಲೆಕ್ಕ ಚುಕ್ತವಾದ ಜಿದ್ದು ಹೇಗಿರುತ್ತದೆ ಎಂಬುದಕ್ಕೆ ನಮ್ಮ ನೆಲದ ನಿಜವಾದ ಕುಸ್ತಿಯಲ್ಲೇ ಉದಾಹರಣೆ ಇದೆ. 1910ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಗಾಮಾ ಪೈಲ್ವಾನ್ ಮತ್ತು ಪೋಲೆಂಡಿನ ಸ್ಟಾನಿಸ್ಲಾಸ್ ಝ್ಬಿಸ್ಕೊ ಎದುರಾದಾಗ, ಝ್ಬಿಸ್ಕೊ ಎರಡೂವರೆ ಗಂಟೆಗೂ ಹೆಚ್ಚು ಕಾಲ ನೆಲ ಕಚ್ಚಿಕೊಂಡೇ ಉಳಿದು ಪಂದ್ಯವನ್ನು ಸಮ ಮಾಡಿಕೊಂಡ. ಮುಂದಿನ ವಾರದ ಮರುಪಂದ್ಯಕ್ಕೆ ಅವನು ಬರಲೇ ಇಲ್ಲ. ಹದಿನೇಳು ವರ್ಷಕ್ಕೂ ಹೆಚ್ಚು ಕಾಲ ಉಳಿದ ಆ ಬಾಕಿಯನ್ನು 1928ರ ಜನವರಿಯಲ್ಲಿ ಪಟಿಯಾಲದಲ್ಲಿ ಗಾಮಾ ಒಂದು ನಿಮಿಷದೊಳಗೆ ತೀರಿಸಿದರು. ಇದಕ್ಕೆ ಮೂರನೆಯ ಪಂದ್ಯ ಬರೆಯಲು ಹೊರಟರೆ ಗಾಮಾ ಗಳಿಸಿದ್ದನ್ನು ತೆಳುವಾಗಿಸಿದಂತೆ. 1987ರ ಮೂರನೇ ರೆಸಲ್‌ಮೇನಿಯಾದ (ಡಬ್ಲ್ಯುಡಬ್ಲ್ಯುಎಫ್‌ನ ವರ್ಷದ ದೊಡ್ಡ ಕಾರ್ಯಕ್ರಮ) ಹಲ್ಕ್ ಹೋಗನ್ ಮತ್ತು ಆಂಡ್ರೆಯ ಪಂದ್ಯಕ್ಕೂ ನನ್ನ ಮಟ್ಟಿಗೆ ಇದೇ ಮಾತು ಅನ್ವಯಿಸುತ್ತದೆ: ಆ ದೈತ್ಯನನ್ನು ಎತ್ತಿ ಕೆಡವಲು ಸಾಧ್ಯವೇ ಎಂಬುದಷ್ಟೇ ಪ್ರಶ್ನೆಯಾಗಿತ್ತು, ಅದಕ್ಕೆ ಅಲ್ಲೇ ಉತ್ತರ ಸಿಕ್ಕಿತು.

ಒಬ್ಬರಿಗೆ ಒಂದೇ ಪಂದ್ಯ, ಒಂದೇ ವರ್ಷ

ಕಷ್ಟ ಶುರುವಾಗುವುದು ಇಲ್ಲಿಂದ. ಒಬ್ಬ ಮಲ್ಲ ಒಂದು ರಾತ್ರಿ ಒಂದೇ ಪಂದ್ಯ ಆಡಬೇಕು ಎಂಬ ನಿಯಮವನ್ನು ಬಿಡಬಾರದು, ಏಕೆಂದರೆ ಅದು ಆಯ್ಕೆ ಮಾಡಲು ನಮ್ಮನ್ನು ಒತ್ತಾಯಿಸುತ್ತದೆ. ಸ್ಟೀವ್ ಆಸ್ಟಿನ್ ಬ್ರೆಟ್ ಹಾರ್ಟ್‌ಗೂ ಬೇಕು, ದಿ ರಾಕ್‌ಗೂ ಬೇಕು. ಶಾನ್ ಮೈಕಲ್ಸ್ ಬ್ರೆಟ್‌ಗೂ ಬೇಕು, ಅಂಡರ್‌ಟೇಕರ್‌ಗೂ ಬೇಕು. ಒಬ್ಬರನ್ನು ಕದಲಿಸಿದರೆ ಇಡೀ ಹಾಳೆ ಕದಲುತ್ತದೆ.

ಬ್ರೆಟ್ ಮತ್ತು ಆಸ್ಟಿನ್ ನಡುವೆ 1997ರ ಮಾರ್ಚ್‌ನಲ್ಲಿ ಹದಿಮೂರನೇ ರೆಸಲ್‌ಮೇನಿಯಾದಲ್ಲಿ ನಡೆದದ್ದು ಆ ಸಂಸ್ಥೆಯ ಅತ್ಯುತ್ತಮ ಪಂದ್ಯ ಎಂದು ನಾನು ನಂಬಿದ್ದೇನೆ. ಕಾಲುಗಳನ್ನು ತಿರುಚುವ ಬ್ರೆಟ್‌ನ ಶಾರ್ಪ್‌ಶೂಟರ್ ಹಿಡಿತದಲ್ಲಿ ಸಿಕ್ಕ ಆಸ್ಟಿನ್, ಮುಖದ ಮೇಲೆ ರಕ್ತ ಇಳಿಯುತ್ತಿದ್ದರೂ, ಎರಡೂ ಅಂಗೈಗಳನ್ನು ನೆಲಕ್ಕೊತ್ತಿ ಮೇಲೇಳಲು ಹೆಣಗುತ್ತಾನೆಯೇ ಹೊರತು ಸೋಲೊಪ್ಪುವುದಿಲ್ಲ; ಕೊನೆಗೆ ಪ್ರಜ್ಞೆ ತಪ್ಪುತ್ತಾನೆ. ಪಂದ್ಯ ಆರಂಭವಾದಾಗ ಬ್ರೆಟ್ ನಾಯಕ, ಆಸ್ಟಿನ್ ಖಳ. ಮುಗಿಯುವ ಹೊತ್ತಿಗೆ ಜನರ ಮನಸ್ಸಿನಲ್ಲಿ ಅದು ತಿರುವುಮುರುವಾಗಿತ್ತು. ಇಷ್ಟು ಪೂರ್ಣವಾಗಿ ಮುಗಿದದ್ದನ್ನು ಮುಟ್ಟಬಾರದು ಎಂಬ ಕಾರಣಕ್ಕೇ ಅದನ್ನು ಕಾರ್ಡಿನಿಂದ ಹೊರಗಿಡುತ್ತೇನೆ, ಮನಸ್ಸು ಒಪ್ಪದಿದ್ದರೂ.

ಬ್ರೆಟ್ ಮತ್ತು ಶಾನ್ ಅವರ ಕಥೆ ಹಾಗಲ್ಲ. 1996ರಲ್ಲಿ ಇಬ್ಬರೂ ಅರವತ್ತು ನಿಮಿಷ ಸೆಣಸಿದರೂ ಯಾರೂ ಒಂದು ಪಿನ್ನನ್ನೂ (ಮೂರೆಣಿಸುವವರೆಗೆ ಎದುರಾಳಿಯ ಭುಜಗಳನ್ನು ನೆಲಕ್ಕೊತ್ತಿ ಹಿಡಿಯುವುದು) ಗಳಿಸಲಿಲ್ಲ. ಚಾಂಪಿಯನ್ ಬೆಲ್ಟ್ ತನ್ನಲ್ಲೇ ಉಳಿಯಿತೆಂದು ಬ್ರೆಟ್ ಹೊರಟಿದ್ದಾಗ ಹೆಚ್ಚುವರಿ ಸಮಯ ಘೋಷಣೆಯಾಗಿ, ಶಾನ್ ಗೆದ್ದ. ಮರುವರ್ಷ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ, ಬೇರೆ ಸಂಸ್ಥೆಗೆ ಹೊರಟಿದ್ದ ಬ್ರೆಟ್ ತನ್ನ ಕೆನಡಾದ ನೆಲದಲ್ಲಿ ಶಾನ್‌ಗೆ ಸೋಲಲು ಒಪ್ಪಿರಲಿಲ್ಲ. ಶಾನ್ ಅವನ ಮೇಲೆ ಅವನದೇ ಶಾರ್ಪ್‌ಶೂಟರ್ ಹಾಕಿದ್ದಾಗ, ಬ್ರೆಟ್ ಸೋಲೊಪ್ಪದಿದ್ದರೂ ಸಂಸ್ಥೆಯ ಆಗಿನ ಮಾಲೀಕ ವಿನ್ಸ್ ಮ್ಯಾಕ್‌ಮಹನ್ ಆಜ್ಞೆಯಂತೆ ಗಂಟೆ ಬಾರಿಸಲಾಯಿತು. ಮೊದಲೇ ಬರೆದ ಕಥೆಯೊಳಗೆ ನಿಜವಾದ ಮೋಸ ನಡೆದ ರಾತ್ರಿ ಅದು. 2010ರ ಜನವರಿಯಲ್ಲಿ ಇಬ್ಬರೂ ಅಖಾಡದ ನಡುವೆ ಕೈಕುಲುಕಿ ಹಗೆ ಮರೆತರು, ಆದರೆ ಮಾಂಟ್ರಿಯಲ್‌ನ ಪಂದ್ಯಕ್ಕೆ ನೇರವಾಗಿ ಮುಗಿಯುವ ಒಂದು ಮರುಪಂದ್ಯ ಮಾತ್ರ ಬಾಕಿಯೇ ಉಳಿಯಿತು. ಬ್ರೆಟ್‌ಗೆ ಜೋಡಿ ಶಾನ್ ಎಂದು ನಿರ್ಧಾರವಾದ ಮೇಲೆ ಆಸ್ಟಿನ್‌ಗೆ ರಾಕ್ ತಾನಾಗಿಯೇ ಉಳಿಯುತ್ತಾನೆ.

ಜೋಡಿಯ ಜೊತೆಗೆ ವರ್ಷವನ್ನೂ ಬರೆಯಿರಿ. 1996ರ ಶಾನ್‌ಗೂ 2009ರ ಶಾನ್‌ಗೂ ಮೈಯಲ್ಲೂ ಮನಸ್ಸಿನಲ್ಲೂ ಅಜಗಜಾಂತರವಿದೆ. ಇಬ್ಬರೂ ಜಿದ್ದಿನ ತುತ್ತತುದಿಯಲ್ಲಿದ್ದ ತಿಂಗಳನ್ನು ಆರಿಸಿಕೊಂಡರೆ ಪಂದ್ಯದ ಅರ್ಧ ಕಥೆ ಅಲ್ಲೇ ಸಿದ್ಧವಾಗುತ್ತದೆ.

ಷರತ್ತು ಕಾರಣದಿಂದಲೇ ಹುಟ್ಟಬೇಕು

ಏಣಿ, ಪಂಜರ, ಮೇಜು, ಕುರ್ಚಿ ಎಲ್ಲವನ್ನೂ ತುಂಬುವ ಆಸೆ ಹೊಸಬರಿಗೆ ಇರುತ್ತದೆ. 1998ರ ಜೂನ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅಂಡರ್‌ಟೇಕರ್ ಮ್ಯಾನ್‌ಕೈಂಡ್‌ನನ್ನು ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಕೆಳಗೆ ಎಸೆದ ದೃಶ್ಯ ಕಣ್ಣಿಗೆ ಕಟ್ಟಿರುವುದರಿಂದ, ಇವರಿಬ್ಬರ ಹೆಸರು ಬರೆದ ಕೂಡಲೇ ಕೈ ತಾನಾಗಿ ಪಂಜರ ಎಂದು ಬರೆಯುತ್ತದೆ. ಅದನ್ನು ಮೀರಿಸುವ ಪ್ರಯತ್ನ ಬೇಡ. ಅದಕ್ಕಿಂತ ಎರಡು ವರ್ಷ ಹಿಂದಕ್ಕೆ, 1996ರ ಸಮ್ಮರ್‌ಸ್ಲ್ಯಾಮ್ ಕಾರ್ಯಕ್ರಮಕ್ಕೆ ಹೋಗಿ. ಬಾಯ್ಲರ್ ಕೋಣೆಯಿಂದ ಬಡಿದಾಡಿಕೊಂಡು ಅಖಾಡಕ್ಕೆ ತಲುಪಿದ ಅಂಡರ್‌ಟೇಕರ್, ತನ್ನ ಶಕ್ತಿಯ ಮೂಲವಾದ ಅಸ್ಥಿಕುಂಭವನ್ನು ಪಡೆಯಲು ತನ್ನ ಮ್ಯಾನೇಜರ್ ಪಾಲ್ ಬೇರರ್ ಮುಂದೆ ಮಂಡಿಯೂರಿ ಕೈ ಚಾಚುತ್ತಾನೆ. ವರ್ಷಗಟ್ಟಲೆ ಜೊತೆಗಿದ್ದ ಬೇರರ್ ಅದೇ ಕುಂಭದಿಂದ ಅವನ ತಲೆಗೆ ಹೊಡೆಯುತ್ತಾನೆ. ಈ ಜಿದ್ದಿನ ಬಾಕಿ ಇರುವುದು ಆ ಚಾಚಿದ ಕೈಯಲ್ಲಿ. ಆದ್ದರಿಂದ ಷರತ್ತು ಇಷ್ಟೇ ಸಾಕು: ಗೆದ್ದವರಿಗೆ ಬೇರರ್ ಮಂಡಿಯೂರಿ ಕುಂಭ ಒಪ್ಪಿಸಬೇಕು.

ರಿಕ್ ಫ್ಲೇರ್ ಮತ್ತು ರಿಕಿ ಸ್ಟೀಮ್‌ಬೋಟ್ 1989ರಲ್ಲಿ ಫೆಬ್ರವರಿ, ಏಪ್ರಿಲ್, ಮೇ ತಿಂಗಳುಗಳಲ್ಲಿ ಆಡಿದ ಮೂರು ಪಂದ್ಯಗಳಿಗೆ ಯಾವ ಸಾಮಾನೂ ಬೇಕಾಗಲಿಲ್ಲ. ಎದೆಯ ಮೇಲೆ ಬೀಳುವ ಫ್ಲೇರ್‌ನ ಅಂಗೈ ಏಟು, ಅದಕ್ಕೆ ಸ್ಟೀಮ್‌ಬೋಟ್ ತೋಳು ಹಿಡಿದು ಎಸೆಯುವ ಉತ್ತರ, ಹಂತ ಹಂತವಾಗಿ ದಣಿಯುವ ಎರಡು ದೇಹಗಳು, ಇಷ್ಟೇ ಅಲ್ಲಿಯ ಬಂಡವಾಳ. ಮೊದಲೆರಡನ್ನು ಸ್ಟೀಮ್‌ಬೋಟ್ ಗೆದ್ದ, ಮೂರನೆಯದನ್ನು ಫ್ಲೇರ್. ಆದರೆ ಏಪ್ರಿಲ್ 2ರಂದು ನ್ಯೂ ಓರ್ಲಿಯನ್ಸ್‌ನಲ್ಲಿ ನಡೆದ ಎರಡನೆಯ ಪಂದ್ಯದ ಅಂತಿಮ ಪಿನ್‌ನಲ್ಲಿ ಫ್ಲೇರ್‌ನ ಕಾಲು ಹಗ್ಗಕ್ಕೆ ತಾಗಿತ್ತು, ರೆಫರಿ ಅದನ್ನು ಕಾಣಲಿಲ್ಲ. ಅಂದರೆ ಲೆಕ್ಕ ನಿಜಕ್ಕೂ ಒಂದು ಒಂದು, ನಡುವೆ ಒಂದು ಅನುಮಾನ. ಇಲ್ಲಿ ಆ ಎರಡನೆಯ ಪಂದ್ಯಕ್ಕಿದ್ದ, ಮೂರು ಸುತ್ತುಗಳಲ್ಲಿ ಎರಡು ಗೆಲ್ಲುವ ಷರತ್ತನ್ನೇ ಉಳಿಸಿ, ಹಗ್ಗದ ಹೊರಗೆ ಎರಡನೆಯ ರೆಫರಿಯನ್ನು ನಿಲ್ಲಿಸಬೇಕು.

ರೇ ಮಿಸ್ಟೀರಿಯೊ ಮತ್ತು ಎಡ್ಡಿ ಗೆರೆರೊ ಪಂದ್ಯಕ್ಕೆ ಮುಖವಾಡವೇ ಪಣ. 1997ರ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ರೇ ತನ್ನ ಮುಖವಾಡ ಉಳಿಸಿಕೊಂಡು ಎಡ್ಡಿಯ ಬೆಲ್ಟ್ ಕಿತ್ತುಕೊಂಡ. ಮೆಕ್ಸಿಕೊದ ಸಂಪ್ರದಾಯದಲ್ಲಿ ಮಲ್ಲನ ಮುಖವಾಡ ಅವನ ಮಾನವೇ ಆಗಿರುವಾಗ, ರೇ ಅದನ್ನು 1999ರಲ್ಲಿ ಒಂದು ಟ್ಯಾಗ್ ತಂಡದ ಪಂದ್ಯದಲ್ಲಿ ಕಳೆದುಕೊಳ್ಳಬೇಕಾಗಿ ಬಂದದ್ದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. ಅದನ್ನು ಪಣಕ್ಕಿಡಲು ತಕ್ಕ ಎದುರಾಳಿ ಎಡ್ಡಿಯೇ. 2005ರ ಅವರ ಕಥೆಯನ್ನು ಮುಟ್ಟಬೇಡಿ. ಆ ನವೆಂಬರ್‌ನಲ್ಲಿ ಎಡ್ಡಿ ತೀರಿಕೊಂಡರು.

ಕ್ರಮ ಮತ್ತು ಸಮಯ

ಕಾಲ್ಪನಿಕವಾದರೂ ಕಾರ್ಯಕ್ರಮಕ್ಕೆ ನಿಜವಾದ ಜಾಗ ಕೊಡಿ, ಆಗ ಸಮಯದ ಮಿತಿಯೂ ನಿಜವಾಗುತ್ತದೆ. ನಾನು ಆರಿಸುವುದು ಕಂಠೀರವ ಒಳಾಂಗಣ ಕ್ರೀಡಾಂಗಣವನ್ನು. ಸುಮಾರು 4,000 ಆಸನಗಳ ಆ ಜಾಗದಲ್ಲಿ ಫ್ಲೇರ್‌ನ ಏಟಿನ ಸದ್ದು ಹಿಂದಿನ ಸಾಲಿಗೂ ಕೇಳುತ್ತದೆ. ಸಂಜೆ ಏಳಕ್ಕೆ ಆರಂಭಿಸಿದರೆ ಹತ್ತೂಕಾಲಿಗಾದರೂ ಮುಗಿಯಬೇಕು. ಇಲ್ಲದಿದ್ದರೆ ಕೊನೆಯ ಪಂದ್ಯದ ಹೊತ್ತಿಗೆ ಯಲಹಂಕ, ಕೆಂಗೇರಿ ಕಡೆಯವರು ಗಡಿಯಾರ ನೋಡಿಕೊಂಡು ಎದ್ದು ಹೊರಡುತ್ತಾರೆ. ಪಂದ್ಯಗಳಿಗೆ ಒಟ್ಟು 135 ನಿಮಿಷ, ಪ್ರವೇಶಗಳಿಗೆ 35 ನಿಮಿಷ, ನಡುವೆ ಒಂದು ಸಣ್ಣ ವಿರಾಮ ಎಂದು ಹಂಚಿಕೊಂಡರೆ ಆರು ಪಂದ್ಯಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಅಂಡರ್‌ಟೇಕರ್ ನಡೆದು ಬರುವುದಕ್ಕೇ ಸಾಕಷ್ಟು ಹೊತ್ತು ಬೇಕು, ಅದನ್ನು ಕತ್ತರಿಸಬಾರದು.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2002ರ ಟೊರಾಂಟೊ ರೆಸಲ್‌ಮೇನಿಯಾ ಸಾಕ್ಷಿ. ರಾಕ್ ಮತ್ತು ಹೋಗನ್ ಪಂದ್ಯಕ್ಕೆ ಜನ ತಮ್ಮ ಗಂಟಲನ್ನೆಲ್ಲ ಖರ್ಚು ಮಾಡಿದ ಮೇಲೆ, ಕೊನೆಯಲ್ಲಿ ಬಂದ ಟ್ರಿಪಲ್ ಎಚ್ ಮತ್ತು ಕ್ರಿಸ್ ಜೆರಿಕೊಗೆ ಉಳಿದದ್ದು ದಣಿದ ಸಭೆ. 2009ರಲ್ಲಿ ಅಂಡರ್‌ಟೇಕರ್ ಮತ್ತು ಶಾನ್ ಆಡಿದ ನಂತರವೂ ಹೀಗೇ ಆಯಿತು. ಟೊರಾಂಟೊದಲ್ಲಿ ಆ ಎರಡು ಪಂದ್ಯಗಳ ನಡುವೆ ಜನ ಉಸಿರಾಡಿಕೊಳ್ಳಲಿ ಎಂಬಂತೆ ಇಟ್ಟಿದ್ದು ಮಹಿಳೆಯರ ಪಂದ್ಯವನ್ನು, ಮತ್ತು ಅದರಲ್ಲಿದ್ದವರು ಟ್ರಿಶ್ ಸ್ಟ್ರಾಟಸ್ ಹಾಗೂ ಲೀಟಾ, ಜೊತೆಗೆ ಜಾಝ್. ಅದು ಟ್ರಿಶ್‌ಳ ಸ್ವಂತ ಊರು ಬೇರೆ. 2004ರ ಡಿಸೆಂಬರ್ 6ರಂದು ಟ್ರಿಶ್ ಮತ್ತು ಲೀಟಾ ಇಬ್ಬರೂ ವಾರದ ಟಿವಿ ಕಾರ್ಯಕ್ರಮ ರಾದ ಕೊನೆಯ ಪಂದ್ಯವನ್ನೇ ಆಡಿ ತೋರಿಸಿದರು. ಹಗ್ಗಗಳ ನಡುವಿನಿಂದ ಹೊರಗೆ ಧುಮುಕಿದ ಲೀಟಾ ಹೆಚ್ಚುಕಡಿಮೆ ಕುತ್ತಿಗೆಯ ಮೇಲೆಯೇ ಬಿದ್ದಳು; ಹಿಂದೊಮ್ಮೆ ಮುರಿದಿದ್ದ ಕುತ್ತಿಗೆ ಅದು. ಆದರೂ ಎದ್ದು ಬಂದು, ಹಗ್ಗದ ಮೇಲಿಂದ ಹಿಮ್ಮುಖವಾಗಿ ಪಲ್ಟಿ ಹೊಡೆದು ಬೀಳುವ ಮೂನ್‌ಸಾಲ್ಟ್ ಹಾಕಿ ಬೆಲ್ಟ್ ಗೆದ್ದಳು. ಮರುತಿಂಗಳ ಪಂದ್ಯದಲ್ಲಿ ಅವಳ ಮೊಣಕಾಲು ಹೋದದ್ದರಿಂದ ಟ್ರಿಶ್‌ಗೆ ಬೆಲ್ಟ್ ಮರಳಿತು. 2006ರಲ್ಲಿ ಇಬ್ಬರೂ ಮತ್ತೆ ಆಡಿ ಟ್ರಿಶ್ ಗೆದ್ದರೂ, ಮೊಣಕಾಲು ಹೋಗದಿದ್ದರೆ ಆ ರಾತ್ರಿಯ ಪಂದ್ಯ ಹೇಗೆ ಮುಗಿಯುತ್ತಿತ್ತು ಎಂಬುದು ಇಲ್ಲಿಯ ಬಾಕಿ. ಇವರಿಂದಲೇ ಕಾರ್ಯಕ್ರಮ ಆರಂಭವಾಗಲಿ, ಸಭೆ ಪೂರ್ಣ ಹುರುಪಿನಲ್ಲಿರುವಾಗ, ಹದಿನೈದು ನಿಮಿಷ.

ನಂತರ ಫ್ಲೇರ್ ಮತ್ತು ಸ್ಟೀಮ್‌ಬೋಟ್‌ಗೆ ಮೂವತ್ತೈದು ನಿಮಿಷ, ಮೂರನೆಯದಾಗಿ ಅಂಡರ್‌ಟೇಕರ್ ಮತ್ತು ಮ್ಯಾನ್‌ಕೈಂಡ್‌ಗೆ ಹದಿನೈದು. ವಿರಾಮದ ಬಳಿಕ ಬ್ರೆಟ್ ಮತ್ತು ಶಾನ್ ಮೂವತ್ತು ನಿಮಿಷ ಆಡಲಿ. ಭಾರವಾದ ಆ ಪಂದ್ಯದ ಬೆನ್ನಿಗೆ ರೇ ಮತ್ತು ಎಡ್ಡಿಯ ವೇಗದ ಹದಿನೈದು ನಿಮಿಷ ಬಂದರೆ ಸಭೆ ಮತ್ತೆ ಜೀವ ತುಂಬಿಕೊಳ್ಳುತ್ತದೆ. ಕೊನೆಯ ಇಪ್ಪತ್ತೈದು ನಿಮಿಷ ಆಸ್ಟಿನ್ ಮತ್ತು ರಾಕ್‌ಗೆ.

ಮುಕ್ತಾಯಗಳನ್ನು ಬರೆಯುವುದು

ಆರು ಮುಕ್ತಾಯಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿ. ನನ್ನ ಕಾರ್ಡಿನಲ್ಲಿ ತೊಡಕಾಗುವುದು ಮ್ಯಾಕ್‌ಮಹನ್. ಮಾಂಟ್ರಿಯಲ್‌ನಲ್ಲಿ ಗಂಟೆ ಬಾರಿಸಿದ್ದು ಅವರ ಮಾತಿಗೆ. 2001ರ ಏಪ್ರಿಲ್ 1ರಂದು ಹೂಸ್ಟನ್‌ನಲ್ಲಿ ಆಸ್ಟಿನ್‌ಗೆ ಕುರ್ಚಿ ತಂದುಕೊಟ್ಟು, ರಾಕ್‌ನ ಮೇಲೆ ಏಟಿನ ಮೇಲೆ ಏಟು ಹಾಕಿಸಿ ಗೆಲ್ಲಿಸಿದ್ದೂ ಅವರೇ. ಎರಡೂ ಪಂದ್ಯಗಳಲ್ಲಿ ಅವರನ್ನು ಹೊರಗಟ್ಟುವ ಷರತ್ತು ಹಾಕಿದರೆ ಒಂದೇ ಕಥೆಯನ್ನು ಎರಡು ಸಲ ಹೇಳಿದಂತಾಗುತ್ತದೆ. ಆದ್ದರಿಂದ ಬ್ರೆಟ್ ಮತ್ತು ಶಾನ್ ಪಂದ್ಯಕ್ಕೆ ಅವರು ಕ್ರೀಡಾಂಗಣದ ಒಳಗೇ ಬರಬಾರದು. ಶಾನ್ ಶಾರ್ಪ್‌ಶೂಟರ್‌ನಲ್ಲಿ ತಾನಾಗಿಯೇ ಸೋಲೊಪ್ಪಿದ ಮೇಲೆ ಮಾತ್ರ ಗಂಟೆ ಬಾರಿಸಬೇಕು.

ಆಸ್ಟಿನ್ ಮತ್ತು ರಾಕ್ ಪಂದ್ಯಕ್ಕೆ ಅವರನ್ನು ಒಳಗೆ ಬಿಡಿ. ರೆಸಲ್‌ಮೇನಿಯಾಗಳಲ್ಲಿ ಇವರ ಲೆಕ್ಕ 1999 ಮತ್ತು 2001 ಆಸ್ಟಿನ್‌ನವು, 2003 ರಾಕ್‌ನದು. ಉಳಿದಿರುವುದು ಎರಡನೆಯ ಗೆಲುವಿಗೆ ಅಂಟಿದ ಕಳಂಕ. ಮ್ಯಾಕ್‌ಮಹನ್ ಮತ್ತೆ ಅದೇ ಕುರ್ಚಿಯನ್ನು ಚಾಚುತ್ತಾರೆ, ಆಸ್ಟಿನ್ ಅದನ್ನು ತೆಗೆದುಕೊಂಡು ಒಂದು ಕ್ಷಣ ನಿಂತು, ಹಗ್ಗದಾಚೆ ಎಸೆಯುತ್ತಾನೆ. ಆ ಒಂದು ಕ್ಷಣದಲ್ಲಿ ರಾಕ್‌ಗೆ ತನ್ನ ಹೆಸರಾಂತ ಪಟ್ಟಾದ ರಾಕ್ ಬಾಟಮ್ ಹಾಕಲು ಅವಕಾಶ ಸಿಗಬೇಕು, ಆಸ್ಟಿನ್ ಎರಡರ ಎಣಿಕೆಗೆ ಭುಜ ಎತ್ತಬೇಕು. ತನ್ನ ಹೆಸರಾಂತ ಪಟ್ಟಾದ ಒಂದೇ ಒಂದು ಸ್ಟನ್ನರ್‌ನಿಂದ ಅವನು ಗೆಲ್ಲುವುದು ಆ ಬೆಲೆ ತೆತ್ತ ಮೇಲೆ.

ಮೀಸಲಿಗೆ ಎರಡು ಜೋಡಿಗಳನ್ನು ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ. ಏಣಿ ಮತ್ತು ಮೇಜುಗಳ ಪಂದ್ಯಗಳಲ್ಲಿ ಎಡ್ಜ್ ಹಾಗೂ ಕ್ರಿಶ್ಚಿಯನ್‌ಗೆ 2000 ಮತ್ತು 2001ರಲ್ಲಿ ಮೂರು ಸಲ ಸೋತ ಹಾರ್ಡಿ ಸಹೋದರರದ್ದು ಒಂದು. 2017ರ ಜೂನ್‌ನಲ್ಲಿ ಅರವತ್ತು ನಿಮಿಷ ಸಮನಾಗಿ ಹೋರಾಡಿದ ಜಪಾನಿನ ಕಜುಚಿಕಾ ಒಕಾಡ ಮತ್ತು ಕೆನಡಾದ ಕೆನ್ನಿ ಒಮೆಗಾ ಇನ್ನೊಂದು. ಎರಡನೆಯ ಜೋಡಿ 2018ರಲ್ಲಿ ಲೆಕ್ಕ ತೀರಿಸಿಕೊಂಡಿತು ಎಂದು ನಿಮ್ಮ ಸ್ನೇಹಿತರು ವಾದಿಸಿದರೆ ಅದನ್ನು ಒಪ್ಪಿಕೊಂಡು, ಆ ಜಾಗಕ್ಕೆ ಬಾಕಿ ಇರುವ ಇನ್ನೊಂದು ಜೋಡಿಯನ್ನು ಅವರಿಂದಲೇ ಕೇಳಿ ಪಡೆಯಿರಿ.